ಹಳೆಯ ಜೀಪೂ ‘ಅದೇ ಇದು’ ಎಂಬ ಬುದ್ಧಿಯೂ

ಒಂದು ವಸ್ತುವಿನ ಅಂಗಗಳೆಲ್ಲವೂ ಒಂದೊಂದಾಗಿ ಬದಲಾದ ಮೇಲೆ ಅದನ್ನು ಅದೇ ವಸ್ತುವೆಂದು ಕರೆಯಬಹುದೆ? ಪ್ರಶ್ನೆ ಹೊಸದಲ್ಲ. ನಾಗಸೇನ ಭಿಕ್ಷುವು ಮಿಲಿಂದ ರಾಜನನ್ನು, ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ ಎಂದು ಕೇಳುತ್ತ ಹೋಗಿ, ರಥವೆಂಬುದು ವ್ಯವಹಾರಕ್ಕಾಗಿ ಇಟ್ಟ ಹೆಸರು ಮಾತ್ರವೆಂಬಲ್ಲಿಗೆ ತಂದು ನಿಲ್ಲಿಸಿದನು. ನೈಯಾಯಿಕರು ಇದನ್ನು ಒಪ್ಪಲಾರರು. ಅವಯವಗಳಿಗಿಂತ ಬೇರೆಯಾದ ಅವಯವಿಯೊಂದುಂಟೆಂಬುದು ಅವರ ಸಿದ್ಧಾಂತ. ಆದರೆ ಅವರ ಲೆಕ್ಕವೂ ಬಲು ಬಿಗಿ. ಬಟ್ಟೆಯಿಂದ ಒಂದು ನೂಲನ್ನು ಸೆಳೆದರೂ ಹಳೆಯ ಬಟ್ಟೆ ನಾಶವಾಗಿ ಹೊಸದೊಂದು ಖಂಡಪಟವು ಹುಟ್ಟಿತೆಂದು ಅವರು ಹೇಳುವರು. ಜಗಲಿಯ ಮೇಲೆ ಕುಳಿತು ಈ ವಾದವನ್ನು ಬೆಳೆಸುವುದು ಸುಲಭ. ಹಳೆಯ ಜೀಪೊಂದನ್ನು ಸಾಕುವವನಿಗೆ ಮಾತ್ರ ಇದು ಪ್ರತಿ ಮಳೆಗಾಲದ ಕೊನೆಯಲ್ಲಿ ಹಣವನ್ನು ಕೇಳುವ ಪ್ರಶ್ನೆ.

ಜೀಪಿನ ಹುಟ್ಟೇ ಅವಸರದ್ದು. 1940ರಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕು ಗಾಲಿಗಳಿಗೂ ಎಳೆತವುಳ್ಳ ಗಾಡಿಯೊಂದನ್ನು ಬಯಸಿದಾಗ ಬ್ಯಾಂಟಮ್ ಎಂಬ ಚಿಕ್ಕ ಕಂಪೆನಿಯು 49 ದಿನಗಳಲ್ಲಿ ಮೊದಲ ಮಾದರಿಯನ್ನು ಒಪ್ಪಿಸಿತು. ಸೈನ್ಯಕ್ಕೆ ಬೇಕಾದಷ್ಟು ಗಾಡಿಗಳನ್ನು ಮಾಡಿಕೊಟ್ಟವು ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು. 1945ರೊಳಗೆ ಇವೆರಡರ ಕಾರ್ಖಾನೆಗಳಿಂದ ಆರು ಲಕ್ಷಕ್ಕೂ ಮಿಕ್ಕ ಜೀಪುಗಳು ಹೊರಬಿದ್ದವು. ಒಬ್ಬರ ಗಾಡಿಯ ಭಾಗವು ಮತ್ತೊಬ್ಬರ ಗಾಡಿಗೆ ಹೊಂದತಕ್ಕದ್ದೆಂಬುದು ಸೈನ್ಯದ ಕಟ್ಟಳೆ. ಆದರೂ ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೆ ಕೂಡ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಒತ್ತಿಸಿದ್ದರು. ಆ ಅಕ್ಷರವುಳ್ಳ ಬೋಲ್ಟಿಗಾಗಿ ಗುಜರಿ ಅಂಗಡಿಗಳಲ್ಲಿ ತಡಕಾಡುವ ಸಂಗ್ರಾಹಕರು ಇಂದಿಗೂ ಇದ್ದಾರೆ. ಅವರ ಶ್ರದ್ಧೆಯನ್ನು ನಾನು ಹಳಿಯಲಾರೆ. ಆದರೆ ಅದರಲ್ಲಿ ತುಸು ವಿನೋದವೂ ಉಂಟು. ಯುದ್ಧಕಾಲದ ದುರಸ್ತಿಶಾಲೆಗಳಲ್ಲಿ ಕೈಗೆ ಸಿಕ್ಕಿದ ಭಾಗವನ್ನು, ಅದು ಯಾರದೆಂದು ನೋಡದೆ, ಕೂಡಿಸಿ ಗಾಡಿಯನ್ನು ಹೊರಡಿಸುತ್ತಿದ್ದರು. ನಾವು ಅರಸುವ ಮೂಲಶುದ್ಧಿಯು ಎಷ್ಟೋ ಜೀಪುಗಳಿಗೆ ತಾರುಣ್ಯದಲ್ಲಿಯೇ ಇರಲಿಲ್ಲವೆಂದ ಮೇಲೆ ವಾರ್ಧಕ್ಯದಲ್ಲಿ ಅದು ಎಲ್ಲಿಂದ ಬರಬೇಕು?

ನಮ್ಮ ದೇಶದಲ್ಲಿ ಮಹೀಂದ್ರ ಕಂಪೆನಿಯವರು 1949ರಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಬಂದ ಜೀಪು ಗೊಬ್ಬರದ ಮೂಟೆಯನ್ನು ಹೊತ್ತಿತು, ಕಾಫಿಯನ್ನು ಹೊತ್ತಿತು, ನಡುರಾತ್ರಿಯಲ್ಲಿ ಹೆರಿಗೆಯ ಬೇನೆ ತಿನ್ನುವವರನ್ನೂ ಹೊತ್ತಿತು. ಅಲ್ಲಿಯ ಮಳೆಯಾದರೋ ಕಬ್ಬಿಣದ ಹಗೆ. ಮೊದಲು ಕಾಲಿಡುವ ತಳದ ತಗಡು ತೂತಾಗುವುದು. ಚಾಸಿಸ್ಸಿನ ಒಳಮೂಲೆಗಳಲ್ಲಿ ಕೆಸರು ನಿಂತು, ಮೇಲೆ ಬಣ್ಣ ನೆಟ್ಟಗಿರುವಂತೆಯೇ ಒಳಗೆ ತುಕ್ಕು ತಿನ್ನುವುದು. ಬ್ರೇಕಿನ ಡ್ರಮ್ಮುಗಳಿಗೆ ನೀರು ಸೇರುವುದು. ಗ್ರೀಸ್ ಕಾಣದ ಬುಷ್‌ಗಳು ಸವೆದು, ನೆಟ್ಟಗೆ ಹಿಡಿದ ಗಾಡಿ ಬೇಲಿಯ ಕಡೆಗೆ ಎಳೆಯುವುದು. ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯದೆ ವಿಧಿಯಿಲ್ಲ. ಹೀಗೆ ಬೆಸೆಯುತ್ತ ಬೆಸೆಯುತ್ತ ಎರಡು ತಲೆಮಾರು ಕಳೆದರೆ ಹಳೆಯ ಮೈಯಲ್ಲಿ ಉಳಿಯುವುದೆಷ್ಟು? ಪೆಟ್ರೋಲಿನ ಖರ್ಚು ತಾಳಲಾರದೆ ಡೀಸೆಲ್ ಯಂತ್ರವನ್ನು ಕೂರಿಸಿದವರೂ ಅನೇಕರು. ಯಂತ್ರವೇ ಜೀಪಿನ ಪ್ರಾಣವೆಂದು ಬಗೆದವರಿಗೆ ಇದು ಪರಕಾಯಪ್ರವೇಶವೇ ಸರಿ.

ಇಲ್ಲಿ ರಾಜ್ಯಶಾಸನದ ಮಾತನ್ನೂ ಕೇಳಬೇಕು. ಕೇಂದ್ರ ಸರಕಾರವು 2021ರಲ್ಲಿ ಪ್ರಾಚೀನ ವಾಹನಗಳಿಗಾಗಿ ಬೇರೆಯ ನೋಂದಣಿಯನ್ನು ಏರ್ಪಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು, ಗಾಡಿಯು ಮೂಲರೂಪದಲ್ಲಿರಬೇಕು, ಚಾಸಿಸ್, ಮೈಕಟ್ಟು, ಯಂತ್ರಗಳನ್ನು ಹೆಚ್ಚಾಗಿ ಮಾರ್ಪಡಿಸಿರಕೂಡದು. ಆ ಗೌರವವನ್ನು ಪಡೆದ ಗಾಡಿಯನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮುಂತಾದವುಗಳಿಗೆ ಒಯ್ಯಬಹುದೇ ಹೊರತು ದಿನದ ಕೆಲಸಕ್ಕೆ ರಸ್ತೆಗೆ ಇಳಿಸುವಂತಿಲ್ಲ. ಅರಮನೆಯ ಸಾರೋಟಿನಂಥ ಕಾರಿಗೆ ಈ ನಿಯಮವು ಒಪ್ಪುವುದು. ಜೀಪಿಗೆ ಒಪ್ಪುವುದೆ? ದುಡಿಮೆಗಾಗಿಯೇ ಹುಟ್ಟಿದ ವಸ್ತುವಿಗೆ, ನೀನು ನೀನಾಗಿ ಉಳಿಯಬೇಕಾದರೆ ದುಡಿಯಬೇಡ ಎಂದಂತಾಯಿತು. ಶಾಸನಕರ್ತರಿಗೆ ಬೇರೆ ಗತಿಯಿರಲಿಲ್ಲವೆಂದು ಬೇಕಾದರೆ ಹೇಳಬಹುದು. ಎಲ್ಲಿಯೋ ಒಂದು ಗೆರೆಯನ್ನು ಎಳೆಯಲೇಬೇಕಷ್ಟೆ. ಆದರೆ ಆ ಗೆರೆಯು ರೂಪವನ್ನು ಉಳಿಸಿ ಧರ್ಮವನ್ನು ಬಿಡಿಸುವುದೆಂಬುದನ್ನು ಮರೆಯಲಾಗದು. ಧರ್ಮವೆಂದರೆ ಇಲ್ಲಿ ವಸ್ತುವಿನ ಧರ್ಮ, ಬೆಂಕಿಗೆ ಸುಡುವುದು ಧರ್ಮವೆಂಬಂತೆ.

ದೀಪದ ಜ್ವಾಲೆಯನ್ನು ನೋಡಿ ‘ಅದೇ ಇದು’ ಎಂದುಕೊಳ್ಳುವುದು ಭ್ರಾಂತಿಯೆಂದು ಶಾಸ್ತ್ರಕಾರರು ಹೇಳಿರುವರು. ಕ್ಷಣಕ್ಷಣಕ್ಕೂ ಬೇರೆ ಎಣ್ಣೆ, ಬೇರೆ ಉರಿ. ಹೌದು, ಆದರೆ ರಾತ್ರಿಯೆಲ್ಲ ಎಣ್ಣೆ ಎರೆದವನಿಗೆ ದೀಪವು ಆರಲಿಲ್ಲವೆಂಬುದೂ ಸತ್ಯವೇ. ತಗಡಿನ ಮೇಲೆ ತಗಡು ಬೆಸೆದ ಜೀಪನ್ನು ಮನೆಯವರು ‘ಅಜ್ಜನ ಜೀಪು’ ಎನ್ನುವಾಗ ಅವರು ಹೇಳುತ್ತಿರುವುದು ಕಬ್ಬಿಣದ ಮಾತನ್ನಲ್ಲ. ಎಡೆಬಿಡದೆ ನಡೆದುಬಂದ ಒಂದು ಪಾಲನೆಯ ಮಾತನ್ನು. ನನ್ನ ಮಟ್ಟಿಗೆ ಅದು ಸುಳ್ಳಲ್ಲ.

ಸುಳ್ಳು ಹುಟ್ಟುವುದು ಮಾರಾಟದ ಕಟ್ಟೆಯ ಮೇಲೆ. ಇತ್ತೀಚೆಗೆ ಮಾಡಿಸಿದ ಮೈಯನ್ನು 1944ರದೆಂದು ನಂಬಿಸುವುದು, ಸತ್ತ ಗಾಡಿಯ ಸಂಖ್ಯೆಯ ಫಲಕವನ್ನು ಕಿತ್ತು ಬೇರೊಂದು ಚಾಸಿಸ್ಸಿಗೆ ಬಡಿಯುವುದು, ಇವು ಬದಲಾವಣೆಗಳಲ್ಲ, ಬದಲಾವಣೆಯನ್ನು ಮುಚ್ಚುವ ಕೆಲಸಗಳು. ಭಾಗವನ್ನು ಬದಲಿಸಿದವನು ಇದು ಹೊಸದೆಂದು ಬಾಯಿಬಿಟ್ಟು ಹೇಳಿದರೆ ತತ್ತ್ವಶಾಸ್ತ್ರದ ತೊಡಕು ತೀರದಿದ್ದರೂ ಕೊಳ್ಳುವವನಿಗೆ ಅನ್ಯಾಯವಾಗುವುದಿಲ್ಲ. ಆದಕಾರಣ ಯಾವ ವರ್ಷ ಯಾವ ಭಾಗವನ್ನು ಎಲ್ಲಿಂದ ತಂದು ಹಾಕಿದೆವೆಂದು ಒಂದು ಪುಸ್ತಕದಲ್ಲಿ ಬರೆದಿಡುವವನನ್ನು, ಅಕ್ಷರ ಒತ್ತಿದ ಬೋಲ್ಟನ್ನು ಸಂಪಾದಿಸಿದವನಿಗಿಂತ ದೊಡ್ಡ ರಕ್ಷಕನೆಂದು ನಾನು ಎಣಿಸುವೆನು.

ಇಷ್ಟಾದರೂ ಒಂದು ಸಂಕಟವು ಉಳಿಯುವುದು. ಒಂದು ಜೀಪನ್ನು ಬದುಕಿಸಲು ಮತ್ತೊಂದನ್ನು ಬಿಚ್ಚಬೇಕಾಗುವುದು. ಹೊಲದ ಮೂಲೆಯಲ್ಲಿ ಬಳ್ಳಿ ಹಬ್ಬಿ ನಿಂತಿರುವ ಗಾಡಿಯ ಗೇರ್‌ಬಾಕ್ಸ್ ಚೆನ್ನಾಗಿದೆಯೆಂದು ತಿಳಿದ ಕೂಡಲೇ ಅದರ ವಿಧಿ ಮುಗಿಯಿತು. ಅದನ್ನೂ ಯಾರಾದರೂ ಎಬ್ಬಿಸಬಹುದಾಗಿತ್ತು. ಎಬ್ಬಿಸುವವನು ಬರುವ ಮೊದಲೇ ಅದು ಮಣ್ಣಾಗಲೂಬಹುದಾಗಿತ್ತು. ಈ ಎರಡರಲ್ಲಿ ಯಾವುದು ಹೆಚ್ಚು ಸಂಭವವೆಂದು ತೂಗಿ ನೋಡಿಯೇ ಸ್ಪಾನರನ್ನು ಎತ್ತಬೇಕು. ಬಲ್ಲ ಮೇಸ್ತ್ರಿಗಳು ತಾವು ತೆಗೆದ ಪೆಟ್ರೋಲ್ ಯಂತ್ರವನ್ನು ಸಹ ಗುಜರಿಗೆ ಹಾಕಗೊಡುವುದಿಲ್ಲ. ತೂತುಗಳಿಗೆ ಎಣ್ಣೆ ಬಿಟ್ಟು, ಗ್ರೀಸ್ ಹಚ್ಚಿ, ಗೋಣಿಯಲ್ಲಿ ಸುತ್ತಿ, ಕೊಟ್ಟಿಗೆಯ ಅಟ್ಟದ ಕೆಳಗೆ ಹಲಗೆಗಳ ಮೇಲೆ ಇರಿಸೆನ್ನುವರು.