ಸವೆದ ಅಗುಳಿ

ಮುರಿದುಹೋದ ವಸ್ತುವು ತನ್ನ ದೋಷವನ್ನು ತಾನೇ ಸಾರುತ್ತದೆ. ಕಾಲು ಮುರಿದ ಕುರ್ಚಿಯಲ್ಲಿ ಯಾರೂ ಕುಳ್ಳಿರರು. ತಳವೊಡೆದ ಕೊಡವನ್ನು ಹಿಡಿದು ಯಾರೂ ಬಾವಿಗೆ ಹೋಗರು. ಸವೆದ ವಸ್ತುವಿನ ರೀತಿಯೇ ಬೇರೆ. ಅದು ಇನ್ನೂ ಕೆಲಸಕ್ಕೆ ಒದಗುತ್ತಿರುತ್ತದೆ. ನಿನ್ನೆ ಒದಗಿದುದರಿಂದ ಇಂದೂ ಒದಗೀತೆಂಬ ನಂಬಿಕೆಯನ್ನು ಹುಟ್ಟಿಸುತ್ತದೆ. ಹೀಗೆ ಹೇಗೋ ನಡೆಯುತ್ತಿರುವುದನ್ನು ತಡೆದು ಸರಿಪಡಿಸಬೇಕೆಂಬ ಕರ್ತವ್ಯವು ಯಾವ ಗಳಿಗೆಯಲ್ಲಿ ಹುಟ್ಟುತ್ತದೆ? ಈ ಪ್ರಶ್ನೆಯನ್ನು ಅಂಗೈಯಲ್ಲಿ ಅಡಗುವಂಥ ಒಂದು ವಸ್ತುವಿನಲ್ಲಿಟ್ಟು ಪರೀಕ್ಷಿಸುವುದು ಲೇಸು. ಸಣ್ಣ ವಿಮಾನದ ಪೆಟ್ರೋಲು ತೊಟ್ಟಿಯ ಮುಚ್ಚಳಕ್ಕಿರುವ ಅಗುಳಿಯು ಅಂಥದೊಂದು ವಸ್ತು.

ಇಬ್ಬರು ನಾಲ್ವರು ಕೂರಬಹುದಾದ ಅನೇಕ ವಿಮಾನಗಳಲ್ಲಿ ಪೆಟ್ರೋಲು ರೆಕ್ಕೆಗಳೊಳಗಿನ ತೊಟ್ಟಿಗಳಲ್ಲಿರುತ್ತದೆ; ತುಂಬುವ ಬಾಯಿ ರೆಕ್ಕೆಯ ಬೆನ್ನ ಮೇಲಿರುತ್ತದೆ. ಕೆಲವು ಮಾದರಿಗಳಲ್ಲಿ ಮುಚ್ಚಳದ ನಡುವೆ ಬೆರಳಿನಿಂದ ಎತ್ತತಕ್ಕ ಪುಟ್ಟ ಹಿಡಿಯೊಂದುಂಟು. ಅದನ್ನು ತಿರುಗಿಸಿ ಮಡಿಸಿದರೆ ಒಳಗಿನ ಲೋಹದ ಕಿವಿಗಳು ಬಾಯಂಚನ್ನು ಕಚ್ಚಿಕೊಳ್ಳುತ್ತವೆ. ಮುಚ್ಚಳವು ರಬ್ಬರಿನ ಬಳೆಯನ್ನು ಅದುಮಿಕೊಂಡು ಬಿಗಿಯಾಗಿ ಕೂರುತ್ತದೆ. ವರ್ಷವರ್ಷಕ್ಕೆ ಹಿಡಿಯ ಮೊಳೆ ಸವೆಯುತ್ತದೆ, ಕಿವಿಗಳ ಅಂಚು ನುಣುಪಾಗುತ್ತದೆ, ಸ್ಪ್ರಿಂಗು ಸೋಲುತ್ತದೆ, ರಬ್ಬರು ಗಡುಸಾಗುತ್ತದೆ. ಆದರೂ ಹಿಡಿ ಮಡಿಯುತ್ತದೆ. ನೋಡಿದವರ ಕಣ್ಣಿಗೆ ಮುಚ್ಚಳ ಮುಚ್ಚಿದೆ.

ಈ ಸಡಿಲದಿಂದ ಎರಡು ಕೇಡುಗಳುಂಟು. ಮೊದಲನೆಯದು ನೀರು. ಬಯಲಿನಲ್ಲಿ ನಿಂತ ವಿಮಾನದ ಮೇಲೆ ಸುರಿದ ಮಳೆ ಮುಚ್ಚಳದ ಸಂದಿನಿಂದ ಇಳಿಯುತ್ತದೆ. ಹನಿಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಶುಭಕ್ಕೆ ಸಲ್ಲದು. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಹಾರುವ ಮುನ್ನ ತಳದಿಂದ ಸ್ವಲ್ಪ ದ್ರವವನ್ನು ಗಾಜಿನಂಥ ಬಟ್ಟಲಿಗೆ ಇಳಿಸಿ ನೋಡುವ ಪದ್ಧತಿ ಇರುವುದೇನೋ ನಿಜ. ಆದರೆ ರಬ್ಬರು ಚೀಲದ ತೊಟ್ಟಿಗಳಲ್ಲಿ ನೀರು ಮಡಿಕೆಗಳ ನಡುವೆ ಅವಿತಿದ್ದು, ವಿಮಾನವು ಮೂಗೆತ್ತಿ ಏರುವಾಗ ಎಂಜಿನಿನತ್ತ ಹರಿಯಬಹುದು. ಇಂಥ ತೊಟ್ಟಿಗಳುಳ್ಳ ಕೆಲವು ಸೆಸ್ನಾ ವಿಮಾನಗಳ ಮುಚ್ಚಳಗಳನ್ನೂ ಮಡಿಕೆಗಳನ್ನೂ ಕುರಿತು ಅಮೆರಿಕ ಸಂಯುಕ್ತ ಸಂಸ್ಥಾನಗಳ ವಿಮಾನಯಾನ ಆಡಳಿತವು 1984ರಲ್ಲಿ ಕಡ್ಡಾಯವಾದ ಆಜ್ಞೆಯನ್ನೇ ಹೊರಡಿಸಿತು.

ಎರಡನೆಯ ಕೇಡು ಇನ್ನೂ ಕುಟಿಲವಾದುದು. ಹಾರುವ ರೆಕ್ಕೆಯ ಮೇಲ್ಮೈಯಲ್ಲಿ ಗಾಳಿಯ ಒತ್ತಡ ಕಡಿಮೆ. ವಿಮಾನವನ್ನು ಎತ್ತಿಹಿಡಿಯುವುದು ಆ ವ್ಯತ್ಯಾಸವೇ. ಅದೇ ವ್ಯತ್ಯಾಸವು ಸಡಿಲ ಮುಚ್ಚಳದ ಸಂದಿನಿಂದ ಪೆಟ್ರೋಲನ್ನು ಹೊರಕ್ಕೆ ಹೀರುತ್ತದೆ. ತೊಟ್ಟಿ ರಬ್ಬರು ಚೀಲವಾಗಿದ್ದರೆ ಚೀಲದ ತಳವೂ ಮೇಲೆದ್ದು, ಅದರೊಡನೆ ಮಾಪಕದ ತೇಲುಬುರುಡೆಯೂ ಏಳಬಹುದು. ತೊಟ್ಟಿ ಬರಿದಾಗುತ್ತಿರುವಾಗಲೇ ಮಾಪಕವು ತುಂಬಿದೆಯೆಂದು ಸಾಕ್ಷಿ ನುಡಿಯುವ ಪ್ರಸಂಗ ಇದು.

ಇಷ್ಟು ತಿಳಿದ ಮೇಲೂ ಮನುಷ್ಯನು ಸವೆದ ಅಗುಳಿಯನ್ನು ಏಕೆ ಹಾಗೆಯೇ ಬಿಡುತ್ತಾನೆ? ದುಷ್ಟತನದಿಂದಲ್ಲ. ಸವೆತವು ದಿನದಿನಕ್ಕೆ ಕಾಣುವುದಿಲ್ಲ. ಇಂದಿನ ಅಗುಳಿಯು ನಿನ್ನೆಯದರಂತೆಯೇ ಇದೆ, ನಿನ್ನೆಯದು ಮೊನ್ನೆಯದರಂತೆ. ಈ ಸರಪಳಿಯ ಯಾವ ಕೊಂಡಿಯಲ್ಲಿಯೂ ‘ಇನ್ನು ಸಾಕು’ ಎನ್ನಲು ವಿಶೇಷ ಕಾರಣವಿಲ್ಲ. ತೀರ ಸಡಿಲವೆನಿಸಿದರೆ ಇಕ್ಕಳದಿಂದ ಕಿವಿಯನ್ನು ಕೊಂಚ ಬಗ್ಗಿಸಿದರಾಯಿತು. ಅಂದಿನ ಮಟ್ಟಿಗೆ ಬಿಗಿ ಬಂತು.

ಈ ಕುತರ್ಕಕ್ಕೆ ಅಮೆರಿಕದ ನಿಯಮವು ಕೊಡುವ ಉತ್ತರ ಮನನೀಯವಾಗಿದೆ. ದುರಸ್ತಿಯಾದ ಭಾಗವು ತನ್ನ ಮೂಲಸ್ಥಿತಿಗೆ, ಅಥವಾ ಕ್ರಮವರಿತು ಮಾರ್ಪಡಿಸಿದ ಸ್ಥಿತಿಗೆ, ಕನಿಷ್ಠಪಕ್ಷ ಸಮನಾಗಿರಬೇಕೆಂದು ಅದು ವಿಧಿಸುತ್ತದೆ. ಅಂದರೆ ಹೋಲಿಕೆ ನಿನ್ನೆಯೊಡನೆ ಅಲ್ಲ, ಮೂಲದೊಡನೆ. ನಿನ್ನೆಯನ್ನು ಅಳತೆಗೋಲಾಗಿ ಹಿಡಿದವನಿಗೆ ಸವೆತವು ಎಂದಿಗೂ ಕಾಣದು, ಏಕೆಂದರೆ ಅಳತೆಗೋಲೂ ವಸ್ತುವಿನೊಡನೆಯೇ ಸವೆಯುತ್ತಿರುತ್ತದೆ. ನಡತೆಯ ವಿಷಯದಲ್ಲಿಯೂ ಇದು ಹೀಗೆಯೇ ಅಲ್ಲವೆ? ಕೊಟ್ಟ ಮಾತಿನಲ್ಲಿ ಕೂದಲೆಳೆಯಷ್ಟು ಜಾರಿದವನು ಮರುದಿನ ಆ ಜಾರಿದ ಸ್ಥಾನದಿಂದಲೇ ಎಣಿಕೆಯನ್ನು ಆರಂಭಿಸುತ್ತಾನೆ.

ಇಲ್ಲೊಂದು ಪೂರ್ವಪಕ್ಷವುಂಟು, ಅದನ್ನು ಹಗುರವಾಗಿ ಕಾಣಲಾಗದು. ಸರಿಪಡಿಸುವ ಕೈಯೂ ಕೆಡಿಸಬಲ್ಲುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕಡಲ್ಗಾವಲು ವಿಮಾನಪಡೆಯಲ್ಲಿ ಸಿ. ಎಚ್. ವಾಡಿಂಗ್ಟನ್ ಮೊದಲಾದ ವಿಜ್ಞಾನಿಗಳು ಲೆಕ್ಕವಿಟ್ಟು ನೋಡಲಾಗಿ, ಕ್ರಮಬದ್ಧವಾದ ತಪಾಸಣೆ ಮುಗಿದ ಕೂಡಲೆ ವಿಮಾನಗಳ ಕೆಡುಕು ಹೆಚ್ಚುತ್ತಿದ್ದುದು ಕಂಡುಬಂತು. ನೆಟ್ಟಗಿದ್ದುದನ್ನೂ ಬಿಚ್ಚಿ ಜೋಡಿಸಿದುದೇ ಬಾಧೆಗೆ ಕಾರಣವಾಗಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯನ್ನೆತ್ತಬಾರದೆಂಬ ಲೋಕೋಕ್ತಿಗೆ ಇದೊಂದು ಹೊಸ ನಿದರ್ಶನ. ಆದರೆ ಈ ವಾದವು ಖಂಡಿಸುವುದು ನೋಡದೆ ಬಿಚ್ಚುವುದನ್ನು. ನೋಡಿಯೂ ಬಿಡುವುದನ್ನು ಅದು ಸಮರ್ಥಿಸುವುದಿಲ್ಲ. ಸವೆದ ಮೊಳೆ, ಸೋತ ಸ್ಪ್ರಿಂಗು, ಗಡುಸಾದ ಬಳೆ, ಇಷ್ಟನ್ನೇ ಬದಲಿಸಿ, ಹಿಡಿಯನ್ನು ಹಲವು ಸಲ ಎತ್ತಿ ಮಡಿಸಿ ಪರೀಕ್ಷಿಸಿ ಸುಮ್ಮನಾಗುವವನು ಎರಡು ದೋಷಗಳಿಂದಲೂ ಪಾರಾಗುತ್ತಾನೆ.

ಕೊನೆಯದಾಗಿ ಹೊಣೆಯ ಮಾತು. ವಿಮಾನವನ್ನು ಸುಸ್ಥಿತಿಯಲ್ಲಿಡುವುದು ಒಡೆಯನ ಹೊಣೆ. ಹಾರಲು ಯೋಗ್ಯವೇ ಎಂದು ನಿರ್ಧರಿಸುವುದು ಚಾಲಕನ ಹೊಣೆ. ಮಾಡಿದ ಕೆಲಸವನ್ನು ತಾರೀಖಿನೊಡನೆ ದಾಖಲೆಯಲ್ಲಿ ಬರೆದು ರುಜು ಹಾಕುವುದು ಮೆಕ್ಯಾನಿಕನ ಹೊಣೆ. ಹಂಚಿಕೆ ನ್ಯಾಯವಾದುದೇ, ಆದರೆ ಹಂಚಿದ ಹೊಣೆಯಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಮುಖವನ್ನು ನೋಡುವುದು ಸುಲಭ. ಅಗುಳಿಯ ಸಡಿಲವು ಮೊದಲು ತಿಳಿಯುವುದು ದಾಖಲೆಗಲ್ಲ, ಏಣಿ ಹತ್ತಿ ಹಿಡಿಯನ್ನು ಮಡಿಸಿದ ಬೆರಳಿಗೆ. ಆ ಬೆರಳು ಯಾರದಾದರೂ ಆಗಲಿ, ಪೆಟ್ರೋಲು ತುಂಬಲು ಬಂದ ಹುಡುಗನದೇ ಆಗಲಿ, ಅರಿವು ಹುಟ್ಟಿದ ಗಳಿಗೆಯೇ ಕರ್ತವ್ಯ ಹುಟ್ಟಿದ ಗಳಿಗೆ. ಸರಿಪಡಿಸುವ ಅಧಿಕಾರ ಅವನಿಗಿಲ್ಲದಿರಬಹುದು. ಹೇಳುವ ಅಧಿಕಾರವನ್ನು ಯಾರೂ ಅವನಿಂದ ಕಸಿದಿಲ್ಲ.

ನೆಟ್ಟಗೆ ಕೂತ ಮುಚ್ಚಳಕ್ಕೆ ಹೊಗಳಿಕೆ ಇಲ್ಲ. ವಿಮಾನ ಹಾರಿತು, ಇಳಿಯಿತು, ಏನೂ ನಡೆಯಲಿಲ್ಲ. ಆ ‘ಏನೂ ನಡೆಯಲಿಲ್ಲ’ ಎಂಬುದೇ ಅದನ್ನು ಸರಿಪಡಿಸಿದವನಿಗೆ ಸಲ್ಲುವ ಸಂಪೂರ್ಣ ಫಲ. ಅಷ್ಟರಿಂದಲೇ ತೃಪ್ತನಾಗಬಲ್ಲವನ ಕೈಯಲ್ಲಿ ಅಪರಿಚಿತರ ಪ್ರಾಣ ಸುರಕ್ಷಿತವಾಗಿರುತ್ತದೆ.