ಆಜ್ಞೆಗೂ ಎಲ್ಲೆಯುಂಟು

ಅರಸನ ಅನ್ನ ಉಂಡವನು ಅವನ ಆಜ್ಞೆಗೆಲ್ಲ ತಲೆಬಾಗಲೇಬೇಕೆ?

ನಮ್ಮ ಭಂಕೂರ, ಶಹಾಬಾದ ಸೀಮೆ ನಿಜಾಮರ ರಾಜ್ಯದಲ್ಲಿದ್ದ ಕಾಲ. ಆಂಗ್ಲ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಂಟಿಂಜೆಂಟಿನ ಸವಾರರು, ದಿಲ್ಲಿಯಲ್ಲಿ ತಮ್ಮವರ ಮೇಲೆಯೇ ಕತ್ತಿ ಎತ್ತಬೇಕಾದೀತೆಂದು 1857ರಲ್ಲಿ ಔರಂಗಾಬಾದಿನಲ್ಲಿ ತಿರುಗಿಬಿದ್ದರು. ದಂಡು ಬಿಟ್ಟು ಹೈದರಾಬಾದಿಗೆ ಬಂದ ಜಮಾದಾರ್ ಚೀದಾ ಖಾನ್ ಮತ್ತು ಸಂಗಡಿಗರನ್ನು ಹಿಡಿದು ರೆಸಿಡೆನ್ಸಿಗೆ ಒಪ್ಪಿಸಲಾಯಿತು. ಅವರ ಬಿಡುಗಡೆಗಾಗಿ ಜುಲೈ 17ರಂದು ತುರ್ರೆಬಾಜ್ ಖಾನ್ ಹಾಗೂ ಮೌಲವಿ ಅಲಾವುದ್ದೀನ್ ರೆಸಿಡೆನ್ಸಿಯ ಮೇಲೆ ದಾಳಿ ಮಾಡಿದರು. ಒಬ್ಬರು ಗುಂಡಿಗೆ ಬಲಿಯಾದರು, ಇನ್ನೊಬ್ಬರು ಅಂಡಮಾನಿಗೆ ಗಡೀಪಾರಾದರು.

1916ರಲ್ಲಿ ರಷ್ಯಾದ ಝಾರ್ ದೊರೆ, ಮಧ್ಯ ಏಷ್ಯಾದ ಮುಸ್ಲಿಮರಲ್ಲಿ 19ರಿಂದ 43 ವಯಸ್ಸಿನ ಗಂಡಸರನ್ನು ಯುದ್ಧರಂಗದ ಹಿಂದೆ ಬಲವಂತದ ದುಡಿಮೆಗೆ ಎಳೆಯಲು ಫರ್ಮಾನು ಹೊರಡಿಸಿದ. ಖುಜಂದದಲ್ಲಿ ಎದ್ದ ದಂಗೆ ನಾಡೆಲ್ಲ ಹಬ್ಬಿತು. ಸೈನ್ಯ ಅದನ್ನು ನಿರ್ದಯವಾಗಿ ಹತ್ತಿಕ್ಕಿತು.

ಸೃಷ್ಟಿಕರ್ತನ ಆಜ್ಞೆ ಮುರಿದು ಸೃಷ್ಟಿಗಳ ಆಜ್ಞೆ ಪಾಲಿಸಕೂಡದೆಂಬುದು ಪ್ರವಾದಿ(ಸ)ಯವರ ಬೋಧನೆ. ಸಂಬಳ ಕೊಡುವವನು ದುಡಿಮೆಯನ್ನು ಕೊಳ್ಳಬಹುದು, ಈಮಾನನ್ನಲ್ಲ.

ಆದರೆ ಅದೇ ತಕ್ಕಡಿಯಲ್ಲಿ ನಮ್ಮವರನ್ನೂ ತೂಗಬೇಕು. ಆ 1916ರ ದಂಗೆಯಲ್ಲಿ, ಅಲ್ಲಿ ಬಂದು ನೆಲೆಸಿದ್ದ ರಷ್ಯನ್ ರೈತರ ಹೆಂಗಸರು, ಮಕ್ಕಳೂ ಹತರಾದರು. ಫರ್ಮಾನು ಬರೆದವರು ಅವರಲ್ಲ. ದಬ್ಬಾಳಿಕೆಯನ್ನು ಎದುರಿಸಲು ಅನುಮತಿಯಿತ್ತ ಪವಿತ್ರ ಕುರ್‌ಆನ್, ಹೋರಾಟದಲ್ಲಿ ಮಿತಿ ಮೀರುವುದನ್ನೂ ಹಗೆಯಿಂದ ನ್ಯಾಯ ತಪ್ಪುವುದನ್ನೂ ನಿಷೇಧಿಸಿದೆ.

ಅನ್ಯಾಯದ ಆಜ್ಞೆಗೆ ‘ಇಲ್ಲ’ ಎನ್ನುವುದು ಧೈರ್ಯ. ಕೈಗೆ ಬಲ ಬಂದಾಗ ತನ್ನ ಕೋಪದ ಆಜ್ಞೆಗೂ ‘ಇಲ್ಲ’ ಎನ್ನುವುದು ತಖ್ವಾ. ಮಕ್ಕಳಿಗೆ ಮೊದಲನೆಯದರ ಕಥೆ ಹೇಳುವಾಗ ಎರಡನೆಯದನ್ನೂ ಕಲಿಸೋಣ.