ಮೂರು ಚೀವರ ಮತ್ತು ಅಪ್ಪನ ಲೋಟ



ಕಳೆದ ಭಾನುವಾರದ ಅಧ್ಯಯನದಲ್ಲಿ ಭಿಕ್ಕುಗಳ ಎಂಟು ಪರಿಕರಗಳ ಮಾತು ಬಂದಾಗ ನಾನು ನಕ್ಕಿದ್ದನ್ನು ಕೆಲವರು ಗಮನಿಸಿದಿರಿ. ಆಮೇಲೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡಿದ್ದೆ. ಇಂದಿನ ಚಿಂತನೆ ಬರೆಯುವ ಸರದಿ ನನ್ನದೇ ಆದ್ದರಿಂದ ಹೇಳಿಬಿಡುತ್ತೇನೆ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಬ್ಯಾಂಕಿಗೆ ರಜೆ ಹಾಕಿ ಲಡಾಖಿನ ಮಾರ್ಖಾ ಕಣಿವೆಯಲ್ಲಿ ಒಬ್ಬನೇ ಆರು ದಿನ ನಡೆದೆ. ಐವತ್ತೆರಡನೇ ವಯಸ್ಸಿಗೆ ಇದೆಂಥ ಹುಚ್ಚು ಎಂದು ಮನೆಯಲ್ಲಿ ಕೇಳಿದರು. ತಲೆತಲಾಂತರದಿಂದ ಬೌದ್ಧರಾಗಿಯೇ ಇರುವವರ ಊರುಗಳನ್ನು ಕಾಲ್ನಡಿಗೆಯಲ್ಲಿ ನೋಡಬೇಕೆಂಬ ಆಸೆ ನನಗೆ ದೀಕ್ಷೆ ತೆಗೆದುಕೊಂಡ ದಿನದಿಂದ ಇತ್ತು. ಚಿಲಿಂಗ್‌ನಿಂದ ಹೊರಟು ಸ್ಕಿಯು, ಮಾರ್ಖಾ, ಹಂಕರ್ ಊರುಗಳನ್ನು ದಾಟಿ, ನಿಮಾಲಿಂಗ್ ಹುಲ್ಲುಗಾವಲಿನಲ್ಲಿ ಕೊನೆಯ ರಾತ್ರಿ ಕಳೆದು, ೫,೦೦೦ ಮೀಟರಿಗೂ ಮಿಕ್ಕ ಎತ್ತರದ ಕೊಂಗ್ಮಾರು ಲಾ ಕಣಿವೆದಾರಿ ಹತ್ತಿ ಇಳಿಯಬೇಕು.

ಹೊರಡುವ ಹಿಂದಿನ ರಾತ್ರಿ ಬ್ಯಾಗು ಹೊತ್ತು ತೂಕದ ಯಂತ್ರದ ಮೇಲೆ ನಿಂತೆ. ೮೭ ಕಿಲೋ. ಇಳಿಸಿ ನಿಂತೆ. ೬೯. ಬೆನ್ನ ಮೇಲೆ ೧೮ ಕಿಲೋ! ಹೊರೆ ಮೈತೂಕದ ಐದನೇ ಒಂದು ಪಾಲು ಮೀರಬಾರದು ಎಂಬುದು ಬೆಟ್ಟ ಹತ್ತುವವರ ಸಾಮಾನ್ಯ ಲೆಕ್ಕ. ಹಗುರವಾಗಿ ನಡೆಯುವುದನ್ನು ಕಲಿತವರು ಅದರ ಅರ್ಧಕ್ಕೂ ಇಳಿಸುತ್ತಾರೆ. ನನ್ನ ಆಫೀಸಿನ ಹುಡುಗನೊಬ್ಬ ಹಿಮಾಲಯದಲ್ಲಿ ತಿರುಗಿ ಬಂದವನು. ಅವನನ್ನು ಕರೆಸಿದೆ. ಎಲ್ಲವನ್ನೂ ಹಾಲಿನಲ್ಲಿ ಚಾಪೆಯ ಮೇಲೆ ಸುರಿಸಿದ. ಮೊದಲು ಬ್ಯಾಗು, ಟೆಂಟು, ಮಲಗುವ ಚೀಲ, ಈ ಮೂರನ್ನು ನೋಡಬೇಕು ಸರ್, ಅರ್ಧ ತೂಕ ಇರುವುದು ಇವುಗಳಲ್ಲೇ ಎಂದ. ಒಂದೊಂದನ್ನೂ ಎತ್ತಿ ಇದು ಯಾಕೆ, ಇದು ಯಾಕೆ ಎಂದು ಕೇಳುತ್ತಾ ಹೋದ. ಮೂರು ಜೀನ್ಸ್ ಪ್ಯಾಂಟ್ ತೆಗೆಸಿದ. ಹತ್ತಿ ಬಟ್ಟೆ ಬೆವರು ಹೀರಿ ಒಣಗದೆ ಮೈಯನ್ನು ತಣ್ಣಗೆ ಮಾಡುತ್ತದೆ, ಉಣ್ಣೆ ಹಾಕಿ ಎಂದ. ಬಾಬಾಸಾಹೇಬರ ದಪ್ಪ ಗ್ರಂಥವನ್ನು ಮಾತ್ರ ಮುಟ್ಟಲು ಹಿಂಜರಿದ. ಅದನ್ನು ನಾನೇ ತೆಗೆದಿಟ್ಟು ಫೋನಿಗೆ ಇಳಿಸಿಕೊಂಡೆ.

ಆಮೇಲೆ ಸ್ಟೌ, ಎರಡು ಪಾತ್ರೆ, ಮೂರು ಕಿಲೋ ಅಕ್ಕಿ, ಬೇಳೆ, ಅವಲಕ್ಕಿ, ಚಟ್ನಿಪುಡಿ, ಮೂರು ಲೀಟರಿನ ನೀರಿನ ಕ್ಯಾನು ತೋರಿಸಿ, "ದಾರಿಯುದ್ದಕ್ಕೂ ಮನೆಗಳಿವೆ ಸರ್. ದುಡ್ಡು ಕೊಟ್ಟರೆ ಹಾಸಿಗೆ, ಎರಡು ಹೊತ್ತಿನ ಊಟ, ಮಧ್ಯಾಹ್ನಕ್ಕೆ ಬುತ್ತಿ ಎಲ್ಲಾ ಕೊಡ್ತಾರೆ. ಇದೆಲ್ಲ ಯಾಕೆ?" ಎಂದು ಕೇಳಿದ. ನನ್ನ ಬಳಿ ಉತ್ತರ ಇತ್ತು. ಅವನಿಗೆ ಹೇಳಬೇಕೆನಿಸಲಿಲ್ಲ. ಇರಲಿ ಬಿಡಪ್ಪ ಎಂದೆ.

ಆ ಉತ್ತರ ಇಷ್ಟೇ. ನನ್ನ ಅಪ್ಪ ಎಲ್ಲಿಗೆ ಹೊರಟರೂ ಚೀಲದಲ್ಲಿ ಒಂದು ಸ್ಟೀಲ್ ಲೋಟ ಇರುತ್ತದೆ. ಅವರು ಹುಡುಗರಾಗಿದ್ದಾಗ ಊರ ಹೋಟೆಲಿನಲ್ಲಿ ನಮ್ಮವರಿಗೆ ಟೀ ಕೊಡುತ್ತಿದ್ದದ್ದು ತೆಂಗಿನ ಚಿಪ್ಪಿನಲ್ಲಿ, ಅದೂ ಹಿತ್ತಿಲ ಕಡೆ. ದುಡ್ಡು ಮಾತ್ರ ಎಲ್ಲರಷ್ಟೇ. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಹುಯ್ಯುತ್ತಿದ್ದರು. ಮೊದಲ ಸಂಬಳದಲ್ಲಿ ಅಪ್ಪ ಕೊಂಡದ್ದು ಆ ಲೋಟ. ನಾನು ಹೈಸ್ಕೂಲಿಗೆ ಹೊರಟಾಗ ಹೇಳಿದ ಬುದ್ಧಿಮಾತೂ ಒಂದೇ: "ನೀರಿಗೇಂತ ಯಾರ್ ಮನೆ ಬಾಗ್ಲಲ್ಲೂ ನಿಂತ್ಕಬ್ಯಾಡ ಕಣಪ್ಪ." ಬ್ಯಾಂಕಿನ ಅಧಿಕಾರಿಯಾದ ಮೇಲೂ ಆ ಮಾತು ನನ್ನ ಬೆನ್ನ ಮೇಲಿತ್ತು. ಈ ಪ್ರಯಾಣಕ್ಕೆ ಅಪ್ಪ ಆ ಲೋಟವನ್ನೇ ಕೊಟ್ಟು ಕಳಿಸಿದ್ದರು.

ಬಾಬಾಸಾಹೇಬರ ಬಾಲ್ಯದ ಆ ಎತ್ತಿನಗಾಡಿ ಪ್ರಯಾಣ ನಿಮಗೆಲ್ಲ ಗೊತ್ತು. ೧೯೦೧ರ ಸುಮಾರು, ತಂದೆಯನ್ನು ನೋಡಲು ಹೊರಟ ಮಕ್ಕಳು, ಮೈಮೇಲೆ ಹೊಸ ಬಟ್ಟೆ. ಮನೆಯವರು ಕಟ್ಟಿಕೊಟ್ಟ ಬುತ್ತಿ ಗಾಡಿಯಲ್ಲಿತ್ತು. ಆದರೆ ಕುಡಿಯಲು ನೀರು ಕೊಡುವವರಿರಲಿಲ್ಲ. ನೀರಿಲ್ಲದೆ ಅನ್ನ ಇಳಿಯುವುದು ಹೇಗೆ? ಬುತ್ತಿ ಪಕ್ಕದಲ್ಲಿಟ್ಟುಕೊಂಡೇ ಹಸಿದು ಮಲಗಿದರು. ಇಪ್ಪತ್ತಾರು ವರ್ಷ ಕಳೆದು, ೧೯೨೭ರ ಮಾರ್ಚ್ ೨೦ರಂದು, ಅದೇ ಹುಡುಗ ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ.

ಲೇಹ್ ಊರು ೩,೫೦೦ ಮೀಟರ್ ಎತ್ತರದಲ್ಲಿದೆ. ಅಲ್ಲಿ ಇಳಿದವರು ಎರಡು ಮೂರು ದಿನ ಸುಮ್ಮನೆ ಕೂತು ದೇಹಕ್ಕೆ ಗಾಳಿಯ ಅಭ್ಯಾಸ ಮಾಡಿಸಬೇಕು. ಇದರಲ್ಲಿ ಜಾಣತನ ತೋರಿಸಿದವರು ಆಸ್ಪತ್ರೆ ಸೇರುತ್ತಾರೆ. ನಾನು ಬ್ಯಾಗು ಹೊತ್ತು ಗೆಸ್ಟ್ ಹೌಸಿನ ಮಹಡಿ ಹತ್ತಿದವನು ಅರ್ಧ ಮೆಟ್ಟಿಲಲ್ಲೇ ಕುಳಿತುಬಿಟ್ಟೆ. ಎದೆ ತಮಟೆಯ ಹಾಗೆ ಬಡಿಯುತ್ತಿತ್ತು. ಅಲ್ಲಿ ಕುಳಿತಾಗ ವಿನಯಪಿಟಕದ ಮಹಾವಗ್ಗದ ಒಂದು ಪ್ರಸಂಗ ನೆನಪಾಯಿತು.

ಗೃಹಸ್ಥರು ಕೊಡುವ ಬಟ್ಟೆಯನ್ನು ಭಿಕ್ಕುಗಳು ಸ್ವೀಕರಿಸಬಹುದು ಎಂದು ಅನುಮತಿ ಸಿಕ್ಕ ಮೇಲೆ ದಾನ ಹರಿದುಬಂತು. ತಥಾಗತರು ರಾಜಗೃಹದಿಂದ ವೈಶಾಲಿಗೆ ಹೋಗುವಾಗ ದಾರಿಯಲ್ಲಿ ಕಂಡದ್ದೇನು? ಭಿಕ್ಕುಗಳು ಬಟ್ಟೆಯ ಗಂಟುಗಳನ್ನು ತಲೆಯ ಮೇಲೊಂದು, ಹೆಗಲ ಮೇಲೊಂದು, ಸೊಂಟದಲ್ಲೊಂದು ಹೇರಿಕೊಂಡು ಬರುತ್ತಿದ್ದಾರೆ. ಆಗಲೇ ಬೈದು ನಿಯಮ ಮಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ವೈಶಾಲಿಯಲ್ಲಿ, ಹಿಮ ಬೀಳುವ ಕಾಲದ ಒಂದು ರಾತ್ರಿ, ಬಯಲಿನಲ್ಲಿ ಒಂದೇ ಚೀವರ ಹೊದ್ದು ತಾವೇ ಕುಳಿತರು. ಚಳಿಯಾಗಲಿಲ್ಲ. ಮೊದಲ ಜಾವ ಮುಗಿಯುವಾಗ ಚಳಿಯಾಯಿತು, ಎರಡನೆಯದನ್ನು ಹೊದ್ದರು. ನಡುಜಾವ ಕಳೆದಾಗ ಮೂರನೆಯದು. ಬೆಳಗಿನ ಜಾವಕ್ಕೆ ನಾಲ್ಕನೆಯದು. ಆಮೇಲೆ ಲೆಕ್ಕ ಹಾಕಿದರು: ಚಳಿ ತಾಳದ ಮೈಯವನೂ ಇಷ್ಟರಲ್ಲಿ ಇರಬಲ್ಲ. ಎರಡು ಪದರದ ಸಂಘಾಟಿ ಒಂದು, ಉತ್ತರಾಸಂಗ ಒಂದು, ಅಂತರವಾಸಕ ಒಂದು. ಚೀವರ ಮೂರು, ಪದರ ನಾಲ್ಕು.

ನಿಯಮ ಹೇಳುವವನು ಮೊದಲು ತನ್ನ ಮೈಮೇಲೆ ಪರೀಕ್ಷೆ ಮಾಡಿ, ಚಳಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಗೆರೆ ಎಳೆದ. ನಡುಗುವುದು ಸಾಧನೆ ಎಂದು ಹೇಳಲಿಲ್ಲ. ಚಿಂದಿ ಬಟ್ಟೆಯನ್ನೇ ಉಡಬೇಕು ಎಂದು ದೇವದತ್ತ ಹಠ ಹಿಡಿದಾಗ ಒಪ್ಪಲೂ ಇಲ್ಲ.

ನಮಗೆ ಇದು ಮುಖ್ಯ ಬಂಧುಗಳೇ. ಕಡಿಮೆಯಲ್ಲಿ ಬದುಕುವುದೇ ಸುಖ ಎಂದು ಈಗ ಪೇಟೆಯ ಮಂದಿ ಭಾಷಣ ಮಾಡುತ್ತಾರೆ. ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಚಂಡಾಲನಿಗೆ ಹೆಣದ ಮೇಲಿನ ಬಟ್ಟೆ, ಒಡೆದ ಮಡಕೆಯಲ್ಲಿ ಊಟ ಎಂದು ಮನುಸ್ಮೃತಿ ಬರೆದಿಟ್ಟದ್ದೂ ಕಡಿಮೆಯೇ. ಅದನ್ನು ಯಾರೂ ಮೈಮೇಲೆ ಪರೀಕ್ಷೆ ಮಾಡಿ ನೋಡಲಿಲ್ಲ. ಬಾಬಾಸಾಹೇಬರು ಇಸ್ತ್ರಿ ಮಾಡಿದ ಸೂಟು ತೊಟ್ಟೇ ನಡೆದರು. ಉಂಡು, ಉಟ್ಟು, ಮನೆ ತುಂಬಿಸಿಕೊಳ್ಳುವುದು ನಮ್ಮ ಹಕ್ಕು. ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖ ಹೇಳುವಾಗ ತಥಾಗತರು ನ್ಯಾಯವಾಗಿ ಗಳಿಸಿದ್ದು ಇರುವ ಸುಖವನ್ನೇ ಮೊದಲು ಹೇಳಿದರು.

ಹಾಗಾದರೆ ನನ್ನ ಬ್ಯಾಗಿನಲ್ಲಿ ಯಾವುದು ಚಳಿಗೆ, ಯಾವುದು ಹೆದರಿಕೆಗೆ? ಮೆಟ್ಟಿಲ ಮೇಲೆಯೇ ಬಿಚ್ಚಿದೆ. ಮಳೆಯಂಗಿ, ತುಪ್ಪಳಿನ ಜಾಕೆಟ್, ಉಣ್ಣೆ ಒಳಉಡುಪು, ಮಲಗುವ ಚೀಲ, ಟಾರ್ಚು, ಔಷಧಿ, ಹೊಳೆ ದಾಟಲು ಚಪ್ಪಲಿ, ಸೂಜಿ ದಾರ: ಇವು ಬೇಕು. ಹಗುರವಾಗಲಿ ಎಂದು ಮಳೆಯಂಗಿ ಬಿಟ್ಟು ಒಬ್ಬನೇ ಬೆಟ್ಟಕ್ಕೆ ಹೋಗುವವನು ಮೂರ್ಖ. ನೀರು ಸೋಸುವ ಸಾಧನವೂ ಬೇಕು. ಭಾನುವಾರ ನಾನು ನಕ್ಕಿದ್ದು ಅದಕ್ಕೇ. ಚೀವರ ಮೂರು, ಪಿಂಡಪಾತ್ರೆ, ಸೊಂಟಪಟ್ಟಿ, ಕ್ಷೌರದ ಕತ್ತಿ, ಸೂಜಿ ಎಂದು ಭಂತೇಜಿ ಎಣಿಸುತ್ತಾ ಕೊನೆಗೆ ನೀರು ಸೋಸುವ ಬಟ್ಟೆ ಎಂದಾಗ, ನಾನು ಸಾವಿರಾರು ರೂಪಾಯಿ ಕೊಟ್ಟು ತಂದದ್ದೂ ಅದೇ ಅಲ್ಲವೇ ಎನಿಸಿತು.

ಪಿಂಡಪಾತ್ರೆಯ ಬಗ್ಗೆ ಯೋಚಿಸಿದಾಗ ಮಾತ್ರ ನಗು ನಿಂತಿತು. ಭಿಕ್ಕುವಿನ ಗಂಟು ಹಗುರ, ಯಾಕೆಂದರೆ ಅವನು ಯಾವ ಮನೆಯ ಮುಂದೆಯೂ ನಿಲ್ಲಬಲ್ಲ. ಬಾವಿಯ ಬಳಿ ಆನಂದರು ಚಂಡಾಲರ ಹುಡುಗಿಯನ್ನು ನೀರು ಕೇಳಿದರು. ಅವಳು ಹೆದರಿ ತನ್ನ ಜಾತಿ ಹೇಳಿದಾಗ, ಕೇಳಿದ್ದು ನೀರು, ಜಾತಿಯನ್ನಲ್ಲ ಎಂದರು. ಆನಂದರ ಹೆಗಲ ಮೇಲೆ ನೀರಿನ ಕ್ಯಾನು ಇರಲಿಲ್ಲ. ಅಕ್ಕಿ, ಬೇಳೆ, ಸ್ಟೌ, ಪಾತ್ರೆ, ಟೆಂಟು, ಕ್ಯಾನು ಎಲ್ಲವನ್ನೂ ಗೆಸ್ಟ್ ಹೌಸಿನ ಯಜಮಾನಿಯ ವಶಕ್ಕೆ ಕೊಟ್ಟೆ. ನೀರಿಗೆ ಒಂದು ಲೀಟರಿನ ಬಾಟಲಿ ಸಾಕೆಂದುಕೊಂಡೆ. ತೂಕ ೮ ಕಿಲೋಗೆ ಇಳಿಯಿತು. ಲೋಟ ಮಾತ್ರ ಬಿಡಲಾಗಲಿಲ್ಲ.

ಎರಡನೇ ಸಂಜೆ ಒಂದು ಮನೆ ತಲುಪಿದೆ. ಮನೆಯಾಕೆ ನೇರವಾಗಿ ಅಡುಗೆಮನೆಗೇ ಕರೆದಳು. ಲಡಾಖಿನಲ್ಲಿ ಅತಿಥಿ ಕೂರುವುದೇ ಅಲ್ಲಿ. ನಡುವೆ ಒಲೆ, ಗೋಡೆಯುದ್ದಕ್ಕೂ ಥಳಥಳ ಬೆಳಗಿದ ತಾಮ್ರದ ಪಾತ್ರೆಗಳು, ಕೂರಲು ಕಂಬಳಿ, ಮುಂದೆ ಗಿಡ್ಡ ಮೇಜು. ಗೌಡರ ಮನೆಯಲ್ಲಿ ಮೂವತ್ತು ವರ್ಷ ದುಡಿದ ನನ್ನಜ್ಜಿ ಅವರ ಅಡುಗೆಮನೆ ಹೇಗಿದೆ ಎಂದು ನೋಡಿದವಳಲ್ಲ. ಟೀ ಬಂತು. ನನಗರಿವಿಲ್ಲದೆ ಕೈ ಬ್ಯಾಗಿಗೆ ಹೋಗಿ ಲೋಟ ಹೊರಗೆ ಬಂತು. ಆಕೆ ಲೋಟ ನೋಡಿದಳು, ನನ್ನ ಮುಖ ನೋಡಿದಳು, ಏನೂ ಅರ್ಥವಾಗದೆ ನಕ್ಕು ತಮ್ಮ ಬಟ್ಟಲಿನಲ್ಲೇ ಬೆಣ್ಣೆ ಟೀ ಹಾಕಿ ಮುಂದಿಟ್ಟಳು. ಒಂದೊಂದು ಗುಟುಕಿಗೂ ತುಂಬುತ್ತಲೇ ಇದ್ದಳು. ನನಗೆ ಗಂಟಲು ಕಟ್ಟಿತು. ಉಪ್ಪು ಟೀ ರುಚಿಸಲಿಲ್ಲ ಎಂದುಕೊಂಡಳೇನೋ.

ಇಲ್ಲಿಗೇ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತೆ. ಹಾಡು ವಾದ್ಯದ ಬೇಡರು, ಮೋನ್‌ಗಳು, ಕಮ್ಮಾರರಾದ ಗರ್ರಾಗಳು ಲಡಾಖಿ ಸಮಾಜದಲ್ಲಿ ಕೆಳಗಿನವರು. ಹಬ್ಬದ ಸಾಲಿನಲ್ಲಿ ಅವರ ಜಾಗ ಕೊನೆಗೆ, ಬಾಗಿಲ ಕಡೆಗೆ. ಅವರೊಂದಿಗೆ ಹೆಣ್ಣು ಗಂಡು ಕೊಟ್ಟು ತರುವುದಿಲ್ಲ. ಸಾವಿರ ವರ್ಷಕ್ಕೂ ಮಿಕ್ಕಿ ಬುದ್ಧನನ್ನು ಪೂಜಿಸಿದ ನೆಲದಲ್ಲೂ! ಇದನ್ನು ನಾನು ಹೋಗುವ ಮುಂಚೆಯೇ ಓದಿದ್ದೆ. ಬಟ್ಟಲು ಕೈಯಲ್ಲಿ ಹಿಡಿದಾಗ ನೆನಪಾಯಿತು. ನಾನು ದೂರದಿಂದ ಬಂದ, ದುಡ್ಡು ಕೊಡುವ ಅತಿಥಿ. ಒಬ್ಬ ಬೇಡರ ಮುದುಕ ಬಂದಿದ್ದರೆ ಅವನನ್ನು ನನ್ನ ಈ ಜಾಗದಲ್ಲಿ ಕೂರಿಸುತ್ತಿದ್ದರೇ? ಕೇಳಲು ನನಗೆ ಭಾಷೆ ಬರುತ್ತಿರಲಿಲ್ಲ. ಭಾಷೆ ಬಂದಿದ್ದರೂ ಆ ಸಂಜೆ ಧೈರ್ಯ ಬರುತ್ತಿತ್ತೋ ಇಲ್ಲವೋ.

ನಿಮಾಲಿಂಗ್‌ನ ರಾತ್ರಿ ನೀರು ಹೆಪ್ಪುಗಟ್ಟಿತು. ಮೂರು ಗಂಟೆಗೆ ಎದ್ದು ಒಳಉಡುಪು, ಅಂಗಿ, ಸ್ವೆಟರ್, ಜಾಕೆಟ್ ಒಂದರ ಮೇಲೊಂದು ಹಾಕಿಕೊಂಡೆ. ನಾಲ್ಕಕ್ಕೆ ಚಳಿ ನಿಂತಿತು. ಬೆಳಿಗ್ಗೆ ೮ ಕಿಲೋ ಹೊತ್ತು ಕೊಂಗ್ಮಾರು ಲಾ ದಾಟಿದೆ. ೧೮ ಆಗಿದ್ದರೆ ದಾಟುತ್ತಿರಲಿಲ್ಲ.

ಮನೆಗೆ ಬಂದ ದಿನ ಅಪ್ಪ ಕೇಳಿದ ಮೊದಲ ಪ್ರಶ್ನೆ, "ನೀರ್ಗೆ ಏನ್ ಮಾಡ್ದಪ್ಪ?"

"ಅವರೇ ಕೊಟ್ರು ಅಪ್ಪ. ಅವರ ಬಟ್ಟಲಲ್ಲೇ. ಅಡುಗೆಮನೆಲಿ ಕೂರಿಸಿ ಕೊಟ್ರು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಲೋಟ ಇಸಕೊಂಡು, ನಲ್ಲಿಯ ಕೆಳಗೆ ತೊಳೆದು, ಪಂಚೆಯ ತುದಿಯಿಂದ ಒರೆಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಮರುದಿನ ಪೆನ್ಶನ್ ಆಫೀಸಿಗೆ ಹೋಗುವುದಿತ್ತು.

ನಮೋ ಬುದ್ಧಾಯ. ಜೈ ಭೀಮ್.